ಬೋಕಿ ಹಿಡಿದು ನಿಂತ ಕಲ್ಲುಗಳು

ಲೋಕ ಆಗಷ್ಟೇ ಹುಟ್ಟಿತ್ತು. ಎಷ್ಟು ಹೊಸದೆಂದರೆ, ಕಲ್ಲುಗಳು ಇನ್ನೂ ಹಸಿಯಾಗಿದ್ದವು, ಬೆರಳಿಟ್ಟು ಒತ್ತಿದರೆ ಗುರುತು ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹಳ್ಳ ಇನ್ನೂ ತೀರ್ಮಾನ ಮಾಡಿರಲಿಲ್ಲ. ಬೆಳಿಗ್ಗೆ ಒಂದು ಕಡೆ ಹರಿದು ಸಂಜೆ ಇನ್ನೊಂದು ಕಡೆ ಹೋಗುತ್ತಿತ್ತು. ಗಾಳಿ, ಗುಡ್ಡ, ಹಕ್ಕಿ, ಮನುಷ್ಯ ಎಲ್ಲರದೂ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ಬೈಯಬಹುದಿತ್ತು, ಬೈದರೆ ಅವರಿಗೆ ಅರ್ಥವಾಗುತ್ತಿತ್ತು.

ಆ ಕಾಲದಲ್ಲಿ ಬೆಂಕಿ ಇದ್ದದ್ದು ಒಂದೇ ಕಡೆ, ಕೆಂಡದ ಗುಡ್ಡದ ಬಾಯಲ್ಲಿ.

ಊರಿನ ಬೆನ್ನಿಗೇ ಆ ಗುಡ್ಡ. ಅದರ ತಲೆಯ ಮೇಲೆ ಅಗಲವಾದ ಬಾಯಿ, ಬಾಯೊಳಗೆ ನಿಗಿನಿಗಿ ಕೆಂಡ. ಊರಿನವರು ಅದನ್ನು ಗುಡ್ಡಪ್ಪ ಎಂದು ಕರೆಯುತ್ತಿದ್ದರು. ಗುಡ್ಡಪ್ಪ ಉಸಿರು ಬಿಟ್ಟರೆ ಊರಿಗೆಲ್ಲ ಬೆಚ್ಚಗಾಗುತ್ತಿತ್ತು. ಗುಡ್ಡಪ್ಪ ಆಕಳಿಸಿದರೆ ಮಕ್ಕಳೂ ಆಕಳಿಸುತ್ತಿದ್ದರು.

ಪ್ರತಿ ಮನೆಯಲ್ಲೂ ಒಂದು ಬೋಕಿ ಇತ್ತು. ಬೋಕಿ ಅಂದರೆ ಒಡೆದ ಮಡಕೆಯ ಚೂರು, ಅಂಗೈಯಷ್ಟಗಲ, ನಡುವೆ ಸ್ವಲ್ಪ ತಗ್ಗು. ಒಲೆಯಲ್ಲಿ ಕೆಂಡ ಆರಿದವರು ಬೋಕಿ ಹಿಡಿದು ಗುಡ್ಡ ಹತ್ತುತ್ತಿದ್ದರು. ಬೋಕಿಯಲ್ಲಿ ಮೊದಲು ಒಂದು ಹಿಡಿ ಬೂದಿ, ಅದರ ಮೇಲೆ ಕೆಂಡ, ಕೆಂಡದ ಮೇಲೆ ಮತ್ತೆ ಬೂದಿ. ಹಾಗೆ ಮುಚ್ಚಿಕೊಂಡು, ಗಾಳಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಇಳಿದು ಬರುತ್ತಿದ್ದರು.

ಗುಡ್ಡಪ್ಪನ ತುಟಿಯಿಂದ ಕೆಂಡ ಎಳೆದು ಕೊಡುವವಳು ಮಾಳವ್ವ. ಕೈಯಲ್ಲಿ ಹಸಿ ಕೋಲು, ಸೀರೆಯ ತುಂಬ ಬೂದಿ, ಹುಬ್ಬು ಸುಟ್ಟು ಯಾವ ಕಾಲವಾಗಿತ್ತೋ. ಅವಳ ಮುಂದೆ ಊರೆಲ್ಲ ಸಾಲಾಗಿ ನಿಲ್ಲಬೇಕು. ಮೊದಲು ಬಂದವರಿಗೆ ಮೊದಲು. ಬಾಣಂತಿ ಇರುವ ಮನೆಯವರಿಗೆ ಮಾತ್ರ ಸಾಲಿಲ್ಲ, ಅವರು ನೇರವಾಗಿ ಮುಂದೆ ಬರಬಹುದು. ಮಿಕ್ಕವರು ನುಗ್ಗಿದರೆ ಮಾಳವ್ವ ಕೋಲಿನಲ್ಲೇ ಮೊಣಕಾಲಿಗೆ ಒಂದು ಬಿಡುತ್ತಿದ್ದಳು.

ಮಾಳವ್ವನ ಕೈಗುಣ ದೊಡ್ಡದು. ಬೇರೆಯವರು ಬೂದಿ ಮುಚ್ಚಿಟ್ಟ ಕೆಂಡ ಬೆಳಿಗ್ಗೆವರೆಗೆ ಉಳಿದರೆ ಹೆಚ್ಚು. ಮಾಳವ್ವ ಮುಚ್ಚಿದ ಕೆಂಡ ಮೂರು ದಿನ ಉಳಿಯುತ್ತಿತ್ತು. ಮೂರನೇ ದಿನ ಬೂದಿ ಸರಿಸಿ 'ಉಫ್' ಎಂದು ಊದಿದರೆ ಕೆಂಡ ಆಗ ತಾನೇ ಎದ್ದ ಮಗುವಿನ ಹಾಗೆ ಕಣ್ಣು ಬಿಡುತ್ತಿತ್ತು. ಅವಳಿಗೆ ಅದರ ಜಂಬವೂ ಇತ್ತು. ಇರಲಿ ಬಿಡಿ, ಇದ್ದದ್ದು ಅದೊಂದೇ ಜಂಬ.

ಗುಡ್ಡದ ಅಂಚಿನಲ್ಲಿ ಪಿಕಳಾರ ಹಕ್ಕಿ ಕೂತು ಮೈ ಕಾಯಿಸಿಕೊಳ್ಳುತ್ತಿತ್ತು. ಆಗ ಅದು ಪೂರ್ತಿ ಕಪ್ಪು. ತಲೆಯ ಮೇಲೆ ಜುಟ್ಟು, ಬಾಯಿ ತುಂಬ ಮಾತು.

"ಮಾಳವ್ವಾ, ನಿನ್ನ ಮುಖಾನೂ ಬೂದಿ, ಸೀರೇನೂ ಬೂದಿ. ಒಂದಿನ ನಿನ್ನೇ ಕೆಂಡ ಅಂದ್ಕೊಂಡು ಯಾರಾದ್ರೂ ಊದಿಬಿಡ್ತಾರೆ!" ಎನ್ನುತ್ತಿತ್ತು.

"ಊದ್ಲಿ ಬಿಡು. ನಿನ್ನಂಗೆ ಬಿಟ್ಟಿ ಕಾಯಿಸ್ಕೊಂಡು ಕೂತಿಲ್ಲ ನಾನು," ಎನ್ನುತ್ತಿದ್ದಳು ಮಾಳವ್ವ.

ಗುಡ್ಡಪ್ಪ ಕೇಳಿ ನಗುತ್ತಿದ್ದ. ಅವನು ನಕ್ಕರೆ ನಾಲ್ಕು ಕಿಡಿ ಹಾರುತ್ತಿದ್ದವು.

ಅವನು ಊರಿನವರಿಗೆ ಹಾಕಿದ್ದು ಒಂದೇ ಕಟ್ಟು. ಮಾಳವ್ವ ಮೊದಲ ದಿನ ಕೋಲು ಹಿಡಿದು ಬಂದಾಗಲೇ ಹೇಳಿದ್ದ. "ತುಟಿಯಿಂದ ಎಷ್ಟು ಬೇಕಾದ್ರೂ ತಗೋ ಮಗಳೇ. ನನ್ನ ಬಾಯಿ ಮಾತ್ರ ಮುಚ್ಚಬೇಡ. ನಿಮ್ಮ ಒಲೆ ಕೆಂಡ ಬೂದಿ ಹೊದ್ದು ಮಲಗ್ತೈತೆ. ನಾನು ಮಲಗೋನಲ್ಲ, ಉಸಿರಾಡೋನು."

"ಆಯ್ತಪ್ಪಾ," ಎಂದಿದ್ದಳು ಮಾಳವ್ವ.

ಹೀಗೆ ಎಷ್ಟೋ ಕಾಲ ನಡೆಯಿತು. ಹೀಗೇ ನಡೆಯಬಹುದಿತ್ತು.

ಒಂದು ವರ್ಷ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಸೌದೆ ನೆನೆಯಿತು, ಕುಳ್ಳು ನೆನೆಯಿತು, ಹೊದೆಯುವ ಚರ್ಮವೂ ನೆನೆಯಿತು. ಅದೇ ಮಳೆಯಲ್ಲಿ ಮಾಳವ್ವನ ಮಗಳು ಹೊನ್ನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಒಂದು ಅಂಗೈಯಲ್ಲಿ ಮಲಗಿಸಿದರೆ ಕಾಲು ಮಾತ್ರ ಆಚೆ ಬರುತ್ತಿತ್ತು, ಅಷ್ಟು ಚಿಕ್ಕದು.

ಮಾಳವ್ವ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟಳು. ಅದರ ತುಂಬ ಗುಡ್ಡಪ್ಪನ ಕೆಂಡ. ಕಾವು ಇದ್ದಷ್ಟು ಹೊತ್ತು ಕೂಸು ಕೆಂಪಗಿರುತ್ತಿತ್ತು, ಅಳುತ್ತಿತ್ತು, ಹಾಲು ಕುಡಿಯುತ್ತಿತ್ತು. ಕಾವು ಇಳಿದರೆ ಅಳು ನಿಲ್ಲುತ್ತಿತ್ತು. ಅಳು ನಿಂತರೆ ಮಾಳವ್ವ ಬೋಕಿ ಹಿಡಿದು ಹೊರಡುತ್ತಿದ್ದಳು. ಹಾಗಾಗಿ ಅವಳು ದಿನಕ್ಕೆ ಐದು ಸಲ ಗುಡ್ಡ ಹತ್ತಿ ಇಳಿಯುತ್ತಿದ್ದಳು.

ನಾಲ್ಕನೇ ದಿನ ಹತ್ತಿ ನೋಡಿದರೆ ಗುಡ್ಡಪ್ಪನ ಬಾಯಲ್ಲಿ ಕೆಂಡ ಕೆಳಗಿಳಿದಿತ್ತು. ಬಣ್ಣ ಮಂಕಾಗಿತ್ತು. ಮಳೆಹನಿ ಬಿದ್ದಲ್ಲೆಲ್ಲ ಚೊಯ್ ಎನ್ನುತ್ತಿತ್ತು.

"ಗುಡ್ಡಪ್ಪಾ, ಏನಾಯ್ತು?"

"ಏನೂ ಆಗಿಲ್ಲ ಮಗಳೇ. ಉಸಿರು ಒಳಗೆ ಎಳ್ಕೊಂತಿದೀನಿ. ನೀವೆಲ್ಲ ಹುಟ್ಟೋಕೆ ಮುಂಚೆ ಎರಡು ಸಲ ಹಿಂಗೇ ಎಳ್ಕೊಂಡಿದ್ದೆ. ಏಳು ದಿನ. ಏಳು ದಿನ ಒಲೆ ಕೆಂಡ ಕಾಪಾಡ್ಕೊಳ್ಳಿ. ಆಮೇಲೆ ಉಸಿರು ಬಿಟ್ಟೆ ಅಂದ್ರೆ ಈ ಮೋಡ ಎಲ್ಲ ಓಡಿಹೋಗ್ತಾವೆ."

ಏಳು ದಿನ! ಮಾಳವ್ವನ ಕೈಗುಣವೇ ಮೂರು ದಿನದ್ದು. ಕೂಸಿಗೆ ಒಂದು ಹೊತ್ತು ಕಾವು ತಪ್ಪಿದರೂ ಉಳಿಯುವುದಿಲ್ಲ. ಅವಳು ಬೋಕಿಯಲ್ಲಿ ಸಿಕ್ಕಷ್ಟು ಕೆಂಡ ತುಂಬಿಕೊಂಡು ಇಳಿದಳು. ಮನೆಗೆ ಬಂದು ಕೂಸಿನ ಪಾದ ಮುಟ್ಟಿದರೆ ತಣ್ಣಗಿತ್ತು.

"ಅವ್ವಾ, ಇದು ಅಳ್ತಾನೇ ಇಲ್ಲ," ಎಂದಳು ಹೊನ್ನಿ.

ಮಾಳವ್ವ ಆ ಪಾದವನ್ನು ಅಂಗೈಯಲ್ಲಿ ಉಜ್ಜಿದಳು. ಅವಳ ತಲೆಯಲ್ಲಿ ಒಂದೇ ಯೋಚನೆ. ಗುಡ್ಡಪ್ಪ ಏನೋ ಸಮಾಧಾನಕ್ಕೆ ಹೇಳುತ್ತಿದ್ದಾನೆ. ಕೆಂಡ ಮಂಕಾದರೆ ಮುಂದೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆರುತ್ತದೆ. ಆರುವ ಕೆಂಡಕ್ಕೆ ಏನು ಮಾಡಬೇಕು? ಬೂದಿ ಮುಚ್ಚಬೇಕು. ಜೀವಮಾನವೆಲ್ಲ ಅವಳು ಮಾಡಿದ್ದು ಅದನ್ನೇ, ಅವಳ ಅವ್ವ ಹೇಳಿಕೊಟ್ಟದ್ದೂ ಅದನ್ನೇ.

ಅವಳು ಬೀದಿಗೆ ಬಂದು ಕೂಗಿದಳು. "ಎಲ್ಲಾರೂ ಒಲೆ ಬೂದಿ ಬಳ್ಕೊಂಡು ಬನ್ರಪ್ಪೋ! ಗುಡ್ಡಪ್ಪ ಆರ್ತಾ ಅವನೆ. ಮುಚ್ಚಿಡೋಣ. ಮೂರು ದಿನ ಆದ್ಮೇಲೆ ನಾನೇ ತೆಗೆದು, ನಾನೇ ಊದ್ತೀನಿ."

ಊರಿನಲ್ಲಿ ಎಲ್ಲರಿಗಿಂತ ಹಿರಿಯ ಬೊಮ್ಮಜ್ಜ. ಅವನು ಕೋಲೂರಿಕೊಂಡು ಬಂದ. "ಮಾಳೀ, ಬಾಯಿ ಮುಚ್ಚಬೇಡ ಅಂತ ಅವನೇ ಹೇಳಿದ್ದಾನಲ್ಲೇ?"

"ಹುಷಾರಿಲ್ಲದೋರು ಏನು ಬೇಕಾದ್ರೂ ಅಂತಾರೆ ಕಣಜ್ಜಾ. ಅದನ್ನ ಕೇಳ್ಕೊಂಡು ಕೂತ್ರೆ ಆದಂಗೆ."

ಬೊಮ್ಮಜ್ಜ ತನ್ನ ಒಲೆ ಬಳಿಯಲು ತಿರುಗಿದ. ಮಾಳವ್ವ ಮುಚ್ಚಿದ ಕೆಂಡ ಆರಿದ್ದನ್ನು ಅವನು ಒಂದು ಸಲವೂ ಕಂಡಿರಲಿಲ್ಲ.

ಎಲ್ಲರೂ ಒಲೆಗಳನ್ನು ಬಳಿದರು. ಬೂದಿ ಬಳಿದರೆ ಬೂದಿಯೊಳಗೆ ಮಲಗಿದ್ದ ಕೆಂಡಗಳೂ ಬಂದವು. "ಅವನ್ನೂ ತನ್ನಿ, ಒಟ್ಟಿಗೇ ಮಲಗಲಿ," ಎಂದಳು ಮಾಳವ್ವ. ಅಗ್ಗಿಷ್ಟಿಕೆಯನ್ನು ಮಾತ್ರ ಮನೆಯಲ್ಲಿ ಬಿಟ್ಟಳು. ಊರಿನ ಒಲೆಯೆಲ್ಲ ತೊಳೆದಿಟ್ಟ ಹಾಗೆ ಬರಿದಾಯಿತು. ಬುಟ್ಟಿ ಬುಟ್ಟಿ ಬೂದಿ ಗುಡ್ಡ ಹತ್ತಿತು.

ದಾರಿಯಲ್ಲಿ ಗಾಳಿ ಎದುರು ಬಂತು. "ಬೇಡ ಕಣೇ ಮಾಳವ್ವಾ. ನಾನು ಅವನ ಎದೆಯೊಳಗೆ ಹೋಗಿ ಬರೋಳು. ಅದು ಒಲೆ ಅಲ್ಲ, ಗುಡ್ಡ."

"ನೀನು ಅಡ್ಡ ಬಂದು ಬೂದಿ ಹಾರಿಸಬೇಡ, ಪಕ್ಕಕ್ಕೆ ಹೋಗು," ಎಂದಳು ಮಾಳವ್ವ.

ಅವಳು ಗುಡ್ಡಪ್ಪನ ಬಾಯಿಯನ್ನು ಮುಚ್ಚಿದಳು. ಅಂಚಿನಿಂದ ಶುರುಮಾಡಿ ನಡುವಿಗೆ ಬಂದಳು. ತೆಳ್ಳಗೆ ಒಂದು ಪದರ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೂಸಿಗೆ ಹೊದಿಸುವಷ್ಟೇ ಮೆತ್ತಗೆ, ತಟ್ಟಿ ತಟ್ಟಿ ಮುಚ್ಚಿದಳು. ಅವಳು ಹಾಗೆ ಯಾವ ಕೆಂಡವನ್ನೂ ಮುಚ್ಚಿರಲಿಲ್ಲ.

ಕೊನೆಯ ಹಿಡಿ ಹಾಕುವಾಗ ಒಳಗಿನಿಂದ ದನಿ ಬಂತು. "ಮಗಳೇ... ಉಸಿರು..."

ಮಾಳವ್ವನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೂಸಿನ ತಣ್ಣನೆಯ ಪಾದ ನೆನಪಾಯಿತು.

"ಮಲಕ್ಕೋ ನಮ್ಮಪ್ಪಾ," ಎಂದಳು. "ಮಲಕ್ಕೋ. ಮೂರೇ ದಿನ." ಕೊನೆಯ ಹಿಡಿಯನ್ನೂ ಹಾಕಿ ತಟ್ಟಿದಳು.

ಮಳೆ ಆ ಬೂದಿಯ ಮೇಲೆ ಸುರಿಯಿತು. ಒಲೆಯ ಮೇಲೆ ಸೂರು ಇರುತ್ತದೆ, ಗುಡ್ಡದ ಮೇಲೆ ಸೂರಿಲ್ಲ. ಅದು ಮಾಳವ್ವನಿಗೆ ಹೊಳೆಯಲೇ ಇಲ್ಲ. ಬೂದಿ ನೆನೆದು ಕೆಸರಾಯಿತು, ಕೆಸರು ಬಿಗಿದು ಗಾರೆಯಾಯಿತು.

ಮೂರನೇ ದಿನಕ್ಕೆ ಮನೆಯ ಅಗ್ಗಿಷ್ಟಿಕೆಯೂ ಬೂದಿಯಾಯಿತು. ಊರಿಗೆ ಊರೇ ಬೋಕಿ ಹಿಡಿದು ಗುಡ್ಡ ಹತ್ತಿತು. ಮುಂದೆ ಹೊನ್ನಿ, ಅವಳ ಎದೆಗವುಚಿದ ಕೂಸು. ಬಾಣಂತಿಗೆ ಸಾಲಿಲ್ಲವಲ್ಲ. ಅವಳ ಹಿಂದೆ ಬೊಮ್ಮಜ್ಜ, ಅವನ ಹಿಂದೆ ಮಿಕ್ಕವರೆಲ್ಲ.

ಮಾಳವ್ವ ಮಂಡಿಯೂರಿ ಬೂದಿ ಸರಿಸಲು ಹೋದಳು. ಸರಿಯಲಿಲ್ಲ. ಕೋಲಿನಿಂದ ಕೆದಕಿದಳು. ಕೋಲು ಮುರಿಯಿತು. ಉಗುರಿನಿಂದ ಕೆರೆದಳು. ಎರಡು ಉಗುರು ಕಿತ್ತು ಬಂದ ಮೇಲೆ ಸಣ್ಣದೊಂದು ಬಿರುಕು ಸಿಕ್ಕಿತು. ಅದಕ್ಕೆ ಬಾಯಿಟ್ಟು ಊದಿದಳು.

ಉಫ್.

ಏನೂ ಇಲ್ಲ.

ಉಫ್. ಉಫ್.

ಬಿರುಕಿನಿಂದ ತಣ್ಣನೆಯ ವಾಸನೆ ಬಂತು, ಆರಿಹೋದ ಒಲೆಯ ಮಾರನೇ ದಿನದ ವಾಸನೆ. ಆ ವಾಸನೆ ಏನೆಂದು ಮಾಳವ್ವನಿಗೆ ಗೊತ್ತು. ಆ ಊರಿನಲ್ಲಿ ಅದು ಅವಳೊಬ್ಬಳಿಗೇ ಅಷ್ಟು ಖಚಿತವಾಗಿ ಗೊತ್ತಿತ್ತು.

"ಅವ್ವಾ, ಬಂತಾ?" ಎಂದಳು ಹೊನ್ನಿ.

ಇಲ್ಲಿ ಮಾಳವ್ವ ಒಂದು ಮಾತು ಹೇಳಬೇಕಿತ್ತು. ಸತ್ತಿದೆ ಎನ್ನಬೇಕಿತ್ತು. ಸತ್ತಿದೆ ಎಂದರೆ ಕೊಂದದ್ದು ಯಾರು ಎಂದೂ ಹೇಳಬೇಕಾಗುತ್ತದೆ. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

"ಕಾವು ಐತೆ," ಎಂದಳು ಹಿಂದೆ ತಿರುಗದೆ. "ಇನ್ನೊಂಚೂರು ಇರ್ರಿ. ಬರ್ತೈತೆ."

ಆಗ ಕೆಳಗಿನಿಂದ ಹಳ್ಳ ಕೂಗಿತು. "ಮಾಳವ್ವಾ, ನನ್ನ ಗುಂಟ ಎರಡು ದಿನ ನಡೆದ್ರೆ ಮರಳು ಐತೆ. ಅಲ್ಲಿ ಮಳೆ ಇಲ್ಲ, ಬಿಸಿಲು ಬಿದ್ದೈತೆ. ಬಿಸಿ ಮರಳಲ್ಲಿ ಕುತ್ತಿಗೆವರೆಗೆ ಹೂತಿಟ್ರೆ ಕೂಸು ಬದುಕ್ತೈತೆ. ನಾನು ಆ ಕಡೆಗೇ ಹೊರಟಿದೀನಿ. ಈಗಲೇ ಹೊರಡ್ರಿ."

ಗಾಳಿಯೂ ಬಂದು ಅವಳ ಕಿವಿಯಲ್ಲಿ ಹೇಳಿತು. "ಹೌದು ಕಣೇ, ನಾನು ನೋಡ್ಕೊಂಡು ಬಂದೀನಿ. ನಿಜ ಹೇಳಿ ಕಳಿಸಿಬಿಡು."

ಬೊಮ್ಮಜ್ಜ ಕೇಳಿದ. "ಮಾಳೀ, ಏನು ಮಾಡಾಣ? ಹೋಗಾಣವಾ? ನೀನು ಹೇಳಿದಂಗೆ."

"ನಾನು ಮುಚ್ಚಿದ ಕೆಂಡ ಯಾವತ್ತಾದ್ರೂ ಆರಿತ್ತಾ ಅಜ್ಜಾ?"

"ಇಲ್ಲ."

"ಮತ್ತೆ ಇರ್ರಿ."

ಅವರು ಇದ್ದರು. ಒಬ್ಬರೂ ಗೊಣಗಲಿಲ್ಲ. ಬೋಕಿ ಹಿಡಿದು ಕೈ ಸೋತಾಗ ಅದನ್ನು ತಲೆಯ ಮೇಲಿಟ್ಟುಕೊಂಡರು. ಚಳಿಗೆ ಒಬ್ಬರಿಗೊಬ್ಬರು ಒತ್ತಿಕೊಂಡರು. ಒಬ್ಬೊಬ್ಬರ ಸುತ್ತಲೂ ಆರು ಜನ, ಆ ಆರು ಜನರ ಸುತ್ತಲೂ ಮತ್ತೆ ಆರಾರು ಜನ, ನಡುವೆ ಹುಲ್ಲುಕಡ್ಡಿ ತೂರಿಸಲೂ ಜಾಗವಿಲ್ಲ. ಹಳ್ಳ ಸ್ವಲ್ಪ ಹೊತ್ತು ಕಾಯಿತು. ಯಾರೂ ಬರಲಿಲ್ಲವೆಂದು ಒಬ್ಬಂಟಿಯಾಗಿ ಮರಳಿನ ಕಡೆ ಹೊರಟುಹೋಯಿತು. ಹೋದದ್ದು ಮತ್ತೆ ಈ ಕಡೆ ತಿರುಗಿ ಹರಿಯಲಿಲ್ಲ.

ಗುಡ್ಡ ತಣ್ಣಗಾಗುತ್ತ ಬಂತು. ಗುಡ್ಡ ತಣ್ಣಗಾದ ಹಾಗೆ ಲೋಕದ ಹಸಿ ಕಲ್ಲುಗಳೆಲ್ಲ ಬಿಗಿಯತೊಡಗಿದವು. ಕಲ್ಲಿನ ಮೇಲೆ ನಿಂತವರ ಪಾದಕ್ಕೂ ಆ ಬಿಗಿ ಹತ್ತಿತು. ಮಾಳವ್ವ ಮಾತ್ರ ಮಂಡಿಯೂರಿದ್ದು ಬೂದಿಯ ಮೇಲೆ.

"ಅವ್ವಾ, ಕಾಲು ಎತ್ತೋಕಾಗ್ತಿಲ್ಲ," ಎಂದಳು ಹೊನ್ನಿ.

"ಜೋಮು ಹಿಡಿದಿರ್ತೈತೆ ಅಷ್ಟೇ," ಎಂದಳು ಮಾಳವ್ವ. "ಕೂಸು ಹೆಂಗೈತೆ?"

"ಮಲಗೈತೆ."

ಸ್ವಲ್ಪ ಹೊತ್ತಿನ ಮೇಲೆ ಹೊನ್ನಿ ಮತ್ತೆ ಕರೆದಳು. "ಅವ್ವಾ, ಸೊಂಟದವರೆಗೂ ಜೋಮು."

"ಇನ್ನೊಂಚೂರು ಮಗಳೇ. ಇನ್ನೊಂಚೂರೇ."

ಮಾಳವ್ವ ತಿರುಗಿ ನೋಡಲಿಲ್ಲ. ನೋಡಿದರೆ ಮುಖದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ ಎಂಬ ಭಯ. ಅವಳು ಬಿರುಕಿಗೆ ಬಾಯಿಟ್ಟು ಊದುತ್ತಲೇ ಇದ್ದಳು. ತುಟಿ ಒಡೆದು ರಕ್ತ ಬಂತು. ಊದುತ್ತ ಊದುತ್ತ, ತಾನು ಹೇಳಿದ ಸುಳ್ಳನ್ನು ತಾನೇ ಅರ್ಧ ನಂಬಿದ್ದಳು, ಪಾಪ.

ಪಿಕಳಾರ ಹಕ್ಕಿ ಆ ಮೂರು ದಿನ ಒಂದೂ ಮಾತಾಡಿರಲಿಲ್ಲ. ಅದು ಗುಡ್ಡದ ಅಂಚಿನಲ್ಲಿ, ಮಳೆ ತಾಗದ ಒಂದು ಸಂದಿಯೊಳಗೆ ತೂರಿ ಬೂದಿ ಕೆದಕುತ್ತಿತ್ತು. ಇದ್ದಕ್ಕಿದ್ದಂತೆ ಕಿರುಚಿಕೊಂಡಿತು. "ಮಾಳವ್ವಾ! ಐತೆ! ಒಂದೈತೆ!"

ಗುಲಗಂಜಿಯಷ್ಟು ಕೆಂಡ. ಯಾರ ಒಲೆಯದೋ ಏನೋ. ಉರಿಯುತ್ತಿತ್ತು.

ಹಕ್ಕಿ ಅದನ್ನು ಕೊಕ್ಕಿನಲ್ಲಿ ಹಿಡಿದು ಹೊರಗೆ ತಂದಿತು. ಮಳೆಹನಿ ಬೀಳದಿರಲೆಂದು ತನ್ನ ಬಾಲದ ಕೆಳಗೆ, ಗರಿಯೊಳಗೆ ಅಡಗಿಸಿಟ್ಟುಕೊಂಡಿತು. ಗರಿ ಚುರುಚುರು ಎಂದಿತು. ಹಕ್ಕಿ ಹಲ್ಲು ಕಚ್ಚುತ್ತಿತ್ತೋ ಏನೋ, ಹಲ್ಲಿಲ್ಲವಲ್ಲ, ಸುಮ್ಮನೆ ಸಹಿಸಿಕೊಂಡಿತು.

ಮಾಳವ್ವನಿಗೆ ನಗು ಬಂತು, ಅಳು ಬಂತು, ಏನು ಬಂತೋ ಅವಳಿಗೇ ತಿಳಿಯಲಿಲ್ಲ. ಸುಳ್ಳು ನಿಜವಾಗಿಬಿಟ್ಟಿತು! ಅವಳು ಎದ್ದು ನಿಂತು ತಿರುಗಿ ಕೂಗಿದಳು. "ಬಂತು! ಬಂತು ಕಣ್ರೋ! ಬಾಣಂತಿ ಮೊದಲು! ಹೊನ್ನೀ, ಬೋಕಿ ಒಡ್ಡೇ!"

ಹೊನ್ನಿ ಒಡ್ಡಲಿಲ್ಲ.

ಹೊನ್ನಿ ಕಲ್ಲಾಗಿದ್ದಳು. ಅವಳ ಹಿಂದೆ ಬೊಮ್ಮಜ್ಜ ಕಲ್ಲಾಗಿದ್ದ. ಅವನ ಹಿಂದೆ, ಅವರ ಹಿಂದೆ, ಗುಡ್ಡದ ಇಳಿಜಾರಿನ ಕೊನೆಯವರೆಗೂ ಊರಿಗೆ ಊರೇ ಕರಿ ಕಲ್ಲಾಗಿ, ಭುಜಕ್ಕೆ ಭುಜ ಒತ್ತಿಕೊಂಡು ನಿಂತಿತ್ತು. ಕಣ್ಣಿಲ್ಲ, ಮೂಗಿಲ್ಲ, ತಲೆಯ ಮೇಲೆ ಬೋಕಿ ಮಾತ್ರ. ಹೊನ್ನಿಯ ಎದೆಗೆ ಒರಗಿದಂತೆ ಅಂಗೈಯಷ್ಟು ಉದ್ದದ ಇನ್ನೊಂದು ಕಲ್ಲು.

ಮಾಳವ್ವ ಅದರ ಪಾದವಿರಬೇಕಾದ ಜಾಗವನ್ನು ಮುಟ್ಟಿ ನೋಡಿದಳು.

ಆಮೇಲೆ ಹೇಳಿದಳು, ಅಷ್ಟು ಹೊತ್ತು ಬಾಯಲ್ಲೇ ನಿಂತಿದ್ದ ಮಾತನ್ನು. "ಸತ್ತೈತೆ ಕಣ್ರಪ್ಪಾ. ಗುಡ್ಡಪ್ಪ ಸತ್ತವನೆ. ನಾನೇ ಕೊಂದೆ. ಅವನು ಉಸಿರು ಅಂದ, ನಾನು ಮಲಕ್ಕೋ ಅಂದೆ. ಹೋಗ್ರಪ್ಪಾ, ಮರಳಿನ ಕಡೆ ಓಡ್ರಿ. ಓಡ್ರೋ!"

ಎಷ್ಟು ಸಲ ಕೂಗಿದರೂ ಒಬ್ಬರೂ ಕದಲಲಿಲ್ಲ. ಮಾಳವ್ವ ಇರಿ ಎಂದಿದ್ದಳು, ಅವರು ಇದ್ದರು.

ಹಕ್ಕಿ ಮಾತ್ರ ಸುಮ್ಮನಿರಲಿಲ್ಲ. ಬಾಲದ ಕೆಳಗೆ ಕೆಂಡ ಇಟ್ಟುಕೊಂಡು ಕಲ್ಲಿನಿಂದ ಕಲ್ಲಿಗೆ ಹಾರಿತು. ಎಲ್ಲಾದರೂ ಒಂದು ಬೋಕಿಯ ಕೆಳಗೆ ಬೆಚ್ಚಗಿನ ತಲೆ ಇದ್ದೀತೇ ಎಂದು ಒಂದೊಂದನ್ನೂ ಇಣುಕಿ ನೋಡಿತು. ಕೊನೆಯ ಕಲ್ಲು ಮುಟ್ಟುವ ಹೊತ್ತಿಗೆ ಕೆಂಡದ ಬಿಸಿ ಹೋಗಿತ್ತು. ಬಣ್ಣವೊಂದು ಉಳಿಯಿತು.

ಮಾಳವ್ವ ಮತ್ತೆ ಗುಡ್ಡದ ನೆತ್ತಿಗೆ ಹೋಗಿ ಮಂಡಿಯೂರಿ, ಬಿರುಕಿಗೆ ಬಾಯಿಟ್ಟಳು. ಅವಳು ಎದ್ದದ್ದನ್ನು ಯಾರೂ ನೋಡಿಲ್ಲ.

ಈಗ ಆ ಗುಡ್ಡದ ಸುತ್ತ ತಂತಿಬೇಲಿ ಹಾಕಿ, ರಾಷ್ಟ್ರೀಯ ಉದ್ಯಾನ ಎಂದು ಬೋರ್ಡು ನಿಲ್ಲಿಸಿದ್ದಾರೆ. ದೊಡ್ಡದೇನಲ್ಲ, ಬೆಳಿಗ್ಗೆ ಒಳಗೆ ಹೋದರೆ ಹಸಿವಾಗುವುದರೊಳಗೆ ಸುತ್ತಿ ಬರಬಹುದು. ಗುಡ್ಡ ಬೆಂಕಿ ಉಗುಳುತ್ತಿತ್ತು, ಕೋಟ್ಯಂತರ ವರ್ಷದ ಹಿಂದೆ ಆರಿತು ಎಂದು ಆ ಬೋರ್ಡಿನಲ್ಲಿ ಬರೆದಿದೆ. ಯಾಕೆ ಆರಿತು ಎಂದು ಬರೆದಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡು ಇದೆ, 'ಒಳಗೆ ಬೆಂಕಿ ತರಬಾರದು' ಎಂದು. ಗೇಟಿನ ಗಾರ್ಡು ಬಂದವರ ಜೇಬು ತಡವಿ ಬೆಂಕಿಪೊಟ್ಟಣ ತೆಗೆದಿಟ್ಟುಕೊಂಡೇ ಒಳಗೆ ಬಿಡುತ್ತಾನೆ. ಅವನದೇನು ತಪ್ಪು, ಹುಲ್ಲಿಗೆ ಕಿಡಿ ಬೀಳಬಾರದಲ್ಲ.

ನೆತ್ತಿಯ ಬಿರುಕಿನ ಹತ್ತಿರ ಕಿವಿಯಿಟ್ಟರೆ 'ಉಫ್, ಉಫ್' ಎಂದು ಕೇಳಿಸುತ್ತದೆ. ಗಾಳಿ ಎನ್ನುತ್ತಾರೆ ದೊಡ್ಡವರು. ಬಾಲದ ಕೆಳಗೆ ಕೆಂಪು ಹೊತ್ತ ಪಿಕಳಾರ ಹಕ್ಕಿ ಕಲ್ಲಿಂದ ಕಲ್ಲಿಗೆ ಹಾರಿ ಇಣುಕುವುದನ್ನೂ ನೋಡಬಹುದು. ಎಲ್ಲಕ್ಕಿಂತ ಮುಂದೆ ನಿಂತ ಕಲ್ಲಿಗೆ ಒರಗಿಕೊಂಡಿರುವ ಆ ಚಿಕ್ಕ ಕಲ್ಲಿನ ಹತ್ತಿರ ಅದು ತುಸು ಹೆಚ್ಚು ಹೊತ್ತು ಕೂರುತ್ತದೆ.

ಅದಕ್ಕೇ ಕಂದಾ, ಇವತ್ತಿಗೂ ಆ ಗುಡ್ಡದ ಕರಿ ಕಂಬಗಳೆಲ್ಲ ಆರಾರು ಮೂಲೆಯಾಗಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಒಂದೊಂದರ ತಲೆಯ ಮೇಲೂ ಬೋಕಿಯಷ್ಟು ತಗ್ಗು ಇದೆ, ಆ ತಗ್ಗಿಗೆ ಇಲ್ಲಿಯವರೆಗೆ ಮಳೆನೀರು ಬಿಟ್ಟು ಇನ್ನೇನೂ ಬಿದ್ದಿಲ್ಲ.